ಕೋಹಾದಲ್ಲಿ ಕೋಲನ್ ವರ್ಗೀಕರಣ: ಪುಸ್ತಕಗಳ ಸಾಲು ತಪ್ಪಿದಾಗ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಲೈಬ್ರರಿ ನಡೆಸುವ ತಂತ್ರಾಂಶವಾದ ಕೋಹಾದ ಅಡ್ಮಿನಿಸ್ಟ್ರೇಷನ್ ಪುಟದಲ್ಲಿ ಹೊಸ ವರ್ಗೀಕರಣ ಪದ್ಧತಿಯೊಂದನ್ನು ಸೇರಿಸಿದ್ದೀರಿ. ಕೋಡ್ ಕೊಟ್ಟಿದ್ದೀರಿ, ವಿವರಣೆ ಬರೆದಿದ್ದೀರಿ, ಸೇವ್ ಕೂಡ ಆಗಿದೆ. ಎಲ್ಲೂ ಎರರ್ ಬಂದಿಲ್ಲ. ಪುಸ್ತಕದ ಪುಟ ತೆರೆದರೆ ಕಾಲ್ ನಂಬರ್ (ಬೀರುವಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಸರಿಯಾಗಿಯೇ ಕಾಣುತ್ತದೆ. ಆದರೆ ಒಪ್ಯಾಕ್‌ನಲ್ಲಿ, ಅಂದರೆ ಓದುಗರು ಪುಸ್ತಕ ಹುಡುಕುವ ಆನ್‌ಲೈನ್ ಸೂಚಿಯಲ್ಲಿ, 'ಬ್ರೌಸ್ ಶೆಲ್ಫ್' ಒತ್ತಿದರೆ ಪಕ್ಕದಲ್ಲಿ ಬರಬೇಕಾದ ಪುಸ್ತಕ ಬರುವುದಿಲ್ಲ, ಇನ್ನೆಲ್ಲಿಯದೋ ಬಂದು ಕೂರುತ್ತದೆ. ಸ್ಟಾಕ್ ವೆರಿಫಿಕೇಷನ್‌ಗಾಗಿ ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಅಂತ ಪಟ್ಟಿ ತೆಗೆದರೆ, ಬೀರುವಿನಲ್ಲಿ ಕಣ್ಣೆದುರೇ ಇರುವ ಪುಸ್ತಕಗಳು ಪಟ್ಟಿಯಲ್ಲಿ ಇರುವುದಿಲ್ಲ. ಸಿಬ್ಬಂದಿ 'ಸಾಫ್ಟ್‌ವೇರ್ ಸರಿ ಇಲ್ಲ' ಅನ್ನುತ್ತಾರೆ. ಸಪೋರ್ಟ್‌ನವರು 'ನಿಮ್ಮ ಡೇಟಾ ಸರಿ ಇಲ್ಲ' ಅನ್ನುತ್ತಾರೆ. ಸಾಮಾನ್ಯವಾಗಿ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇರುತ್ತದೆ.

ಇಲ್ಲಿ ಕೋಲನ್ ವರ್ಗೀಕರಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಡ್ಯೂಯಿ, ಲೈಬ್ರರಿ ಆಫ್ ಕಾಂಗ್ರೆಸ್, ಯುಡಿಸಿ ಈ ವರ್ಗೀಕರಣ ಪದ್ಧತಿಗಳೆಲ್ಲ ಕೋಹಾದ ಪಟ್ಟಿಯಲ್ಲಿ ಮೊದಲೇ ಇವೆ. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಕೋಲನ್ ಇಲ್ಲ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕಡೆಯ ಲೈಬ್ರರಿಗಾಗಿ ಹುಟ್ಟಿ 2000ದ ಜನವರಿಯಲ್ಲಿ ಓಡಲು ಶುರುವಾದ ತಂತ್ರಾಂಶ ಇದು. ಅದರಲ್ಲಿ ಕೋಲನ್ ಇಲ್ಲದಿರುವುದು ಆಶ್ಚರ್ಯವೇನಲ್ಲ. ಆದರೆ ನಮ್ಮಲ್ಲಿ ಹಳೆಯ ಸಂಗ್ರಹಗಳ ಬೆನ್ನ ಮೇಲೆ ಕೋಲನ್ ನಂಬರ್ ಇನ್ನೂ ಉಳಿದಿದೆ. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರುವಾದದ್ದೂ ಇಲ್ಲೇ. ಹಾಗಾಗಿ ಕರ್ನಾಟಕದ ಲೈಬ್ರರಿಯನ್‌ಗಳಿಗೆ ಈ ತಲೆನೋವು ಪುಸ್ತಕದ ಪಾಠವಲ್ಲ, ಬೀರುವಿನ ಮುಂದೆ ನಿಂತು ಎದುರಿಸುವಂಥದ್ದು.

ಒಂದು ಸೂಚನೆ. ಕೋಲನ್ ನಂಬರುಗಳಲ್ಲಿ ರೋಮನ್ ಅಕ್ಷರಗಳೂ ಬರುತ್ತವೆ. ಇಲ್ಲಿ ಓದಲು ಸುಲಭವಾಗಲಿ ಅಂತ ಬರೀ ಅಂಕೆಗಳಿರುವ ಗ್ರಂಥಾಲಯ ವಿಜ್ಞಾನದ ವರ್ಗವನ್ನೇ, ಅಂದರೆ 2ನ್ನೇ, ಆರಿಸಿಕೊಂಡಿದ್ದೇನೆ.

ಮೊದಲು ನೋಡಬೇಕಾದ ಕಾಲಂ

ಕೋಹಾ ಪುಸ್ತಕದ ಒಂದೊಂದು ಪ್ರತಿಗೂ (ಕಾಪಿಗೂ) ಎರಡು ನಂಬರ್ ಇಟ್ಟುಕೊಳ್ಳುತ್ತದೆ. ಒಂದು ನೀವು ಟೈಪ್ ಮಾಡಿದ ಕಾಲ್ ನಂಬರ್. ಅದು ಪುಸ್ತಕದ ಮಾರ್ಕ್ ದಾಖಲೆಯ (ಲೈಬ್ರರಿಗಳು ಬಳಸುವ ದಾಖಲೆಯ ನಮೂನೆ) 952ನೇ ಫೀಲ್ಡಿನ 'ಓ' ಸಬ್‌ಫೀಲ್ಡಿನಲ್ಲಿರುತ್ತದೆ. ಇನ್ನೊಂದು ಸಾಲಿಗೆ ಜೋಡಿಸಲು ಕೋಹಾ ತಾನೇ ತಯಾರಿಸಿಕೊಳ್ಳುವ ಕೀ. ಡೇಟಾಬೇಸ್‌ನಲ್ಲಿ ಆ ಕಾಲಂ ಹೆಸರು 'ಸಿಎನ್ ಸಾರ್ಟ್'. ತೆರೆಯ ಮೇಲೆ ಕಾಣುವುದು ಮೊದಲನೆಯದು. ಶೆಲ್ಫ್ ಬ್ರೌಸರ್ ಆಗಲಿ ಇನ್ವೆಂಟರಿ ಆಗಲಿ ನಂಬುವುದು ಎರಡನೆಯದನ್ನು. ಮೊದಲನೆಯದನ್ನೇ ಎಷ್ಟು ಹೊತ್ತು ನೋಡುತ್ತ ಕೂತರೂ ದೋಷ ಸಿಗುವುದಿಲ್ಲ.

ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ರಿಪೋರ್ಟ್ಸ್‌ಗೆ ಹೋಗಿ ಒಂದು ಎಸ್‌ಕ್ಯೂಎಲ್ ರಿಪೋರ್ಟ್ ಬರೆಯಿರಿ. ಐಟಮ್ಸ್ ಟೇಬಲ್‌ನಿಂದ ನಾಲ್ಕು ಕಾಲಂ ಸಾಕು: ಬಾರ್‌ಕೋಡ್, ಐಟಮ್ ಕಾಲ್ ನಂಬರ್, ಸಿಎನ್ ಸೋರ್ಸ್, ಸಿಎನ್ ಸಾರ್ಟ್. ಸಿಎನ್ ಸಾರ್ಟ್ ಪ್ರಕಾರ ಸಾಲಾಗಿ ಬರಲಿ. ಇಡೀ ಲೈಬ್ರರಿ ಬೇಡ. ಪರೀಕ್ಷೆಗೆ ಅಂತಲೇ ಎಂಟು ನಂಬರ್ ಇಟ್ಟುಕೊಳ್ಳಿ. ಈ ಎಂಟು ಸಾಲು ಪದೇ ಪದೇ ಬೇಕಾಗುತ್ತವೆ. ಕೋಲನ್ ವರ್ಗೀಕರಣದ ಆರನೇ ಆವೃತ್ತಿಯ ಪ್ರಕಾರ ಬೀರುವಿನಲ್ಲಿ ಇವು ನಿಲ್ಲಬೇಕಾದ ಕ್ರಮ ಇದು:

2
2:51
2:55
232
233
234
234:51
234;46:51

2 ಅಂದರೆ ಗ್ರಂಥಾಲಯ ವಿಜ್ಞಾನ. 2:51 ವರ್ಗೀಕರಣ, 2:55 ಸೂಚೀಕರಣ. 232 ಶಾಲಾ ಲೈಬ್ರರಿ, 233 ಕಾಲೇಜು ಲೈಬ್ರರಿ, 234 ವಿಶ್ವವಿದ್ಯಾಲಯದ ಲೈಬ್ರರಿ. ಕೊನೆಯದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನಿಯತಕಾಲಿಕಗಳ ವರ್ಗೀಕರಣ. ಸಾಮಾನ್ಯ ವಿಷಯ ಮೊದಲು, ನಿರ್ದಿಷ್ಟ ವಿಷಯ ಆಮೇಲೆ. ಅದಕ್ಕೇ 2:51 ಎನ್ನುವುದು 232ಕ್ಕಿಂತ ಮುಂಚೆ ಬರಬೇಕು. ಕೋಲನ್ ಪದ್ಧತಿಯಲ್ಲಿ ಚಿಹ್ನೆಗಳಿಗೂ ಬೆಲೆ ಇದೆ, ಮತ್ತು ಆ ಬೆಲೆ ಅಂಕೆಗಳಿಗಿಂತ ಕಡಿಮೆ. ಚಿಹ್ನೆಗಳ ನಡುವಿನ ಏರಿಕೆಯ ಕ್ರಮ ಹೀಗಿದೆ: ಕಾಲಕ್ಕೆ ಬಳಸುವ ಅಪಾಸ್ಟ್ರಫಿ, ಸ್ಥಳದ ಚುಕ್ಕೆ, ಎನರ್ಜಿಯ (ಕ್ರಿಯೆಯ) ಕೋಲನ್, ಮ್ಯಾಟರ್‌ನ (ವಸ್ತುವಿನ) ಸೆಮಿಕೋಲನ್, ಪರ್ಸನಾಲಿಟಿಯ (ವಿಷಯದ ಮುಖ್ಯ ಅಂಶದ) ಕಾಮಾ.

ಈಗ ರಿಪೋರ್ಟ್ ಓಡಿಸಿ. ಸಾಲು ತಪ್ಪಿದ ಲೈಬ್ರರಿಯಲ್ಲಿ ಹೆಚ್ಚಾಗಿ ಬರುವುದು ಇದು:

2
232
233
234
234;46:51
234:51
2:51
2:55

ಇದನ್ನು ಕಂಡರೆ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು, ಯಾಕೆಂದರೆ ದೋಷ ಒಂದೇ ಕಡೆ ಇದೆ. ಪಕ್ಕದ ಸಿಎನ್ ಸಾರ್ಟ್ ಕಾಲಂ ಓದಿ. 2:51ರ ಎದುರು 251 ಅಂತ ಇರುತ್ತದೆ. 234:51ರ ಎದುರು 23451. 234;46:51ರ ಎದುರು 2344651. ಚಿಹ್ನೆಗಳೆಲ್ಲ ಮಾಯ! ಕೋಹಾದ ಜೆನೆರಿಕ್ ನಿಯಮ ಅಕ್ಷರ, ಅಂಕೆ ಮತ್ತು ಅಂಡರ್‌ಸ್ಕೋರ್ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಬಿಸಾಡುತ್ತದೆ. ಚಿಹ್ನೆಯ ಮೇಲೇ ನಿಂತಿರುವ ಪದ್ಧತಿಯಿಂದ ಚಿಹ್ನೆ ತೆಗೆದರೆ ಇನ್ನೇನು ಉಳಿಯುತ್ತದೆ ಹೇಳಿ. 2:51 ಮತ್ತು 251 ಎಂಬ ಬೇರೆ ಬೇರೆ ವಿಷಯಗಳು ಕೋಹಾದ ಕಣ್ಣಿಗೆ ಒಂದೇ ಆಗಿಬಿಡುತ್ತವೆ.

ಕೀ ಬೇರೆ ರೀತಿ ಕಂಡರೆ ದಾರಿಯೂ ಬೇರೆ. 234ರ ಎದುರು 234_000000000000000 ಎಂಬ ಸೊನ್ನೆಗಳ ಬಾಲ ಕಂಡರೆ ಅದು ಡ್ಯೂಯಿ ನಿಯಮದ ಗುರುತು. ಅಂದರೆ ನಿಮ್ಮ ಹೊಸ ಪದ್ಧತಿ ಆ ಪ್ರತಿಗೆ ಅನ್ವಯವೇ ಆಗಿಲ್ಲ, ಅಥವಾ ಅದನ್ನು ಡ್ಯೂಯಿ ನಿಯಮಕ್ಕೆ ಕಟ್ಟಿದ್ದೀರಿ. ಕೀ ಪೂರ್ತಿ ಖಾಲಿ ಇದ್ದರೆ ಆ ಪ್ರತಿ ಇಂಪೋರ್ಟ್ ಆಗುವಾಗಲೇ ಏನೋ ಎಡವಟ್ಟಾಗಿದೆ. ಕೀ ಸರಿಯಾಗಿದ್ದೂ ಹುಡುಕಾಟದ ಫಲಿತಾಂಶ ಮಾತ್ರ ತಪ್ಪು ಸಾಲಿನಲ್ಲಿದ್ದರೆ ಅದು ಇಂಡೆಕ್ಸ್‌ನ ವಿಷಯ. ಅದಕ್ಕೆ ಆಮೇಲೆ ಬರೋಣ.

ಸಿಎನ್ ಸೋರ್ಸ್ ಕಾಲಂನಲ್ಲಿ ಏನಿದೆ

ಡ್ಯೂಯಿ ಬಾಲ ಕಂಡವರು ಮೂರನೇ ಕಾಲಂ ನೋಡಿ. ಅಲ್ಲಿ ನಿಮ್ಮ ಹೊಸ ಕೋಡ್ ಇರಬೇಕು. ಖಾಲಿ ಇದ್ದರೆ ಕೋಹಾ ಸುಮ್ನೆ ಇರುವುದಿಲ್ಲ. 'ಡೀಫಾಲ್ಟ್ ಕ್ಲಾಸಿಫಿಕೇಷನ್ ಸೋರ್ಸ್' ಎಂಬ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಏನಿದೆಯೋ ಅದರ ನಿಯಮ ಹಚ್ಚುತ್ತದೆ. ಹೆಚ್ಚಿನ ಕಡೆ ಅದು ಡ್ಯೂಯಿ.

ಕೋಡ್ ತಪ್ಪಾಗಿದ್ದರೂ ಇದೇ ಕಥೆ. ಅಡ್ಮಿನ್ ಪುಟದಲ್ಲಿ 'ಕೋಲನ್' ಅಂತ ಕೋಡ್ ಕೊಟ್ಟು, ಇಂಪೋರ್ಟ್ ಫೈಲಿನಲ್ಲಿ 'ಸಿಸಿ' ಅಂತ ಹಾಕಿದರೆ ಕೋಹಾ 'ಇಂಥ ಪದ್ಧತಿ ಇಲ್ಲ' ಅಂತ ಬೊಬ್ಬೆ ಹಾಕುವುದಿಲ್ಲ. ಗೊತ್ತಿಲ್ಲದ ಕೋಡ್ ಅಂತ ಮತ್ತೆ ಡೀಫಾಲ್ಟ್‌ಗೇ ಹೋಗುತ್ತದೆ. ಈ ಮೌನವೇ ದೊಡ್ಡ ತೊಂದರೆ. ಕೋಡ್‌ಗೆ ಹತ್ತು ಅಕ್ಷರಗಳ ಮಿತಿಯೂ ಇದೆ. ಉದ್ದ ಹೆಸರಿನ ಆಸೆ ಬಿಟ್ಟು ಚಿಕ್ಕದೊಂದು ಕೋಡ್ ಇಟ್ಟುಕೊಳ್ಳಿ.

ಐಟಂ ಸೇರಿಸುವ ಫಾರ್ಮ್‌ನ ಡ್ರಾಪ್‌ಡೌನ್‌ನಲ್ಲಿ ಹೊಸ ಪದ್ಧತಿ ಕಾಣುತ್ತಲೇ ಇಲ್ಲವಾದರೆ ಕಾರಣ ಸರಳ. ಪದ್ಧತಿಯ ಪುಟದಲ್ಲಿ 'ಬಳಕೆಯಲ್ಲಿದೆಯೇ' ಎಂಬ ಟಿಕ್ ಬಿದ್ದಿಲ್ಲ.

ಕಾಲ್ ನಂಬರ್ ಜಾಗದಲ್ಲಿ ತಾನಾಗಿಯೇ ಡ್ಯೂಯಿ ನಂಬರ್ ಬಂದು ಕೂರುತ್ತಿದೆಯಾ? 'ಐಟಮ್ ಕಾಲ್ ನಂಬರ್' ಎಂಬ ಇನ್ನೊಂದು ಪ್ರಿಫರೆನ್ಸ್ ಇದೆ. ಕಾಲ್ ನಂಬರನ್ನು ಮಾರ್ಕ್‌ನ ಯಾವ ಫೀಲ್ಡಿನಿಂದ ಎತ್ತಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಅಲ್ಲಿ 082 ಇದ್ದರೆ ಬರುವುದು ಡ್ಯೂಯಿಯೇ. ಬೇರೆ ಪದ್ಧತಿಗಳ ನಂಬರಿಗೆ ಮಾರ್ಕ್‌ನಲ್ಲಿ 084 ಇದೆ. ಕೋಲನ್ ನಂಬರ್ ಅಲ್ಲಿಟ್ಟು, ಪ್ರಿಫರೆನ್ಸನ್ನೂ ಅತ್ತ ತಿರುಗಿಸಿ.

ಇಡೀ ಲೈಬ್ರರಿಯೇ ಕೋಲನ್ ಆಗಿದ್ದರೆ ಡೀಫಾಲ್ಟ್ ಸೋರ್ಸ್ ಬದಲಿಸುವುದು ನೆಟ್ಟಗಿನ ದಾರಿ. ಅರ್ಧ ಡ್ಯೂಯಿ, ಅರ್ಧ ಕೋಲನ್ ಇರುವ ಕಡೆ ಬದಲಿಸಬೇಡಿ. ಕೋಲನ್ ಪುಸ್ತಕಗಳಿಗೆ ಬೇರೆ ಫ್ರೇಮ್‌ವರ್ಕ್ (ದಾಖಲೆ ತುಂಬುವ ಫಾರ್ಮ್‌ನ ಮಾದರಿ) ಮಾಡಿ, ಅದರಲ್ಲಿ 952ರ '2' ಸಬ್‌ಫೀಲ್ಡಿಗೆ ಡೀಫಾಲ್ಟ್ ಬೆಲೆಯಾಗಿ ಹೊಸ ಕೋಡ್ ಕೊಡಿ.

ಅಡ್ಮಿನ್ ಪುಟ ಕೊಡುವುದು ಹೆಸರು ಮಾತ್ರ

ಈಗ ನಿಜವಾದ ಗಂಟಿಗೆ ಬರೋಣ. ಕ್ಲಾಸಿಫಿಕೇಷನ್ ಕಾನ್ಫಿಗರೇಷನ್ ಪುಟದಲ್ಲಿ ಮೂರು ಭಾಗ ಇವೆ: ಸೋರ್ಸ್, ಫೈಲಿಂಗ್ ರೂಲ್, ಸ್ಪ್ಲಿಟಿಂಗ್ ರೂಲ್. ಸೋರ್ಸ್ ಅಂದರೆ ಪದ್ಧತಿಯ ಹೆಸರು. ಫೈಲಿಂಗ್ ರೂಲ್ ಅಂದರೆ ಸಾಲಿಗೆ ಜೋಡಿಸುವ ನಿಯಮ. ಸ್ಪ್ಲಿಟಿಂಗ್ ರೂಲ್ ಲೇಬಲ್ ಮುದ್ರಿಸುವಾಗ ನಂಬರನ್ನು ಎಲ್ಲಿ ಮುರಿಯಬೇಕು ಅಂತ ಹೇಳುತ್ತದೆ. ಜನ 'ಹೊಸ ಫೈಲಿಂಗ್ ರೂಲ್' ಒತ್ತಿ, 'ಕೋಲನ್ ನಿಯಮ' ಅಂತ ಹೆಸರಿಟ್ಟು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಆ ಫಾರ್ಮ್‌ನ ಕೊನೆಯಲ್ಲಿ ಒಂದು ಡ್ರಾಪ್‌ಡೌನ್ ಇದೆ: ಫೈಲಿಂಗ್ ರೂಟೀನ್. ಅಲ್ಲಿ ಸಿಗುವುದು ಮೂರೇ, ಡ್ಯೂಯಿ, ಜೆನೆರಿಕ್ ಮತ್ತು ಎಲ್‌ಸಿಸಿ (ಲೈಬ್ರರಿ ಆಫ್ ಕಾಂಗ್ರೆಸ್). ಹೊಸ ನಿಯಮಕ್ಕೆ ಯಾವ ಹೆಸರಿಟ್ಟರೂ ಒಳಗೆ ಓಡುವುದು ಈ ಮೂರರಲ್ಲಿ ಒಂದು. ಹೊಸ ಬೋರ್ಡು, ಹಳೇ ಅಂಗಡಿ.

ರೂಟೀನ್ ಅಂದರೆ ಪರ್ಲ್ ಭಾಷೆಯ ಒಂದು ಚಿಕ್ಕ ಫೈಲ್. ಕೋಹಾದ ಸಿ4 ಫೋಲ್ಡರ್‌ನೊಳಗೆ ಕ್ಲಾಸ್‌ಸಾರ್ಟ್‌ರೂಟೀನ್ ಎಂಬ ಫೋಲ್ಡರ್‌ನಲ್ಲಿ ಇಂಥ ಮೂರು ಫೈಲುಗಳಿವೆ. ಕೋಲನ್ ಸಾಲು ಸರಿಹೋಗಬೇಕಾದರೆ ನಾಲ್ಕನೆಯದನ್ನು ಬರೆಯಲೇಬೇಕು. ಸೆಟ್ಟಿಂಗ್ ತಿರುವಿ ಇದನ್ನು ಸರಿಮಾಡಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡ್ರಾಪ್‌ಡೌನ್‌ನಲ್ಲಿ ಒಂದೊಂದೇ ಆರಿಸಿ ನೋಡುತ್ತ ಎಷ್ಟೋ ಜನ ಸಮಯ ಕಳೆಯುತ್ತಾರೆ.

'ಚಿಹ್ನೆ ಕಿತ್ತುಹಾಕುವ ಆ ಒಂದು ಸಾಲನ್ನು ತೆಗೆದರೆ ಸಾಕಲ್ವಾ?' ಅಂತ ಕೇಳುವವರು ಇದ್ದಾರೆ. ಸಾಲದು. ಕಂಪ್ಯೂಟರಿನ ಆಸ್ಕಿ ಕ್ರಮದಲ್ಲಿ ಕೋಲನ್ ಮತ್ತು ಸೆಮಿಕೋಲನ್ ಅಂಕೆಗಳ ನಂತರ ಬರುತ್ತವೆ. ಹಾಗೆ ಜೋಡಿಸಿದರೆ 2:51 ಮತ್ತೆ 234ರ ಹಿಂದೆ ಹೋಗಿ ನಿಲ್ಲುತ್ತದೆ. ಡೇಟಾಬೇಸ್‌ನ ಯೂನಿಕೋಡ್ ಕ್ರಮ ಬಳಸಿದರೆ ಚಿಹ್ನೆಗಳು ಅಂಕೆಗಳ ಮುಂದೆ ಬರುತ್ತವೆ, ಸರಿ. ಆದರೆ ಚಿಹ್ನೆಗಳ ಒಳಗಿನ ಕ್ರಮ ಕಾಮಾ, ಸೆಮಿಕೋಲನ್, ಕೋಲನ್, ಚುಕ್ಕೆ, ಅಪಾಸ್ಟ್ರಫಿ ಅಂತ ಆಗುತ್ತದೆ. ಮೇಲೆ ಹೇಳಿದ ಕ್ರಮಕ್ಕೆ ಹೋಲಿಸಿ ನೋಡಿ, ಕರಾರುವಾಕ್ಕಾಗಿ ಉಲ್ಟಾ! ಇದರಲ್ಲಿ 2:51 ಸರಿಯಾದ ಜಾಗಕ್ಕೆ ಬರುತ್ತದೆ, 234;46:51 ಮಾತ್ರ 234:51ಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಪರೀಕ್ಷೆಯ ಎಂಟು ನಂಬರುಗಳಲ್ಲಿ ಸೆಮಿಕೋಲನ್ ಇರುವ ಒಂದನ್ನು ಬೇಕಂತಲೇ ಸೇರಿಸಿದ್ದು ಇದಕ್ಕೇ. ಅದಿಲ್ಲದಿದ್ದರೆ ಎಲ್ಲ ಸರಿಯಾಯಿತು ಅಂತ ಮೋಸ ಹೋಗುತ್ತೀರಿ.

ಇನ್ನೊಂದು ಅಡ್ಡಿ ಅಕ್ಷರಗಳದು. ಕೋಲನ್‌ನಲ್ಲಿ ರೋಮನ್ ಸಣ್ಣಕ್ಷರಕ್ಕೂ ದೊಡ್ಡಕ್ಷರಕ್ಕೂ ಅರ್ಥ ಬೇರೆ. ಕೋಹಾದ ನಿಯಮಗಳು ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡುತ್ತವೆ. ಹಾಗೆ ಮಾಡದೆ ಬಿಟ್ಟರೂ ಡೇಟಾಬೇಸ್ ಸಾಲು ಜೋಡಿಸುವಾಗ ಎರಡನ್ನೂ ಒಂದೇ ಅಂತ ಎಣಿಸುತ್ತದೆ.

ಕೆಲಸ ಮಾಡುವ ಕೀ

ಈ ಎರಡೂ ತೊಂದರೆಗೆ ಒಂದೇ ಉಪಾಯ ಸಾಕು. ಕಾಲ್ ನಂಬರಿನ ಪ್ರತಿ ಗುರುತಿಗೂ ಎರಡಂಕಿಯ ಬೆಲೆ ಕೊಡಿ. ಕೀಯಲ್ಲಿ ಬರೀ ಅಂಕೆಗಳೇ ಇದ್ದರೆ ಆಸ್ಕಿ, ಯೂನಿಕೋಡ್, ಸಣ್ಣದು, ದೊಡ್ಡದು ಯಾವ ಜಗಳವೂ ಇರುವುದಿಲ್ಲ. ನಾನು ಬಳಸುವ ಬೆಲೆಗಳು ಇವು. ಸಣ್ಣ ರೋಮನ್ ಅಕ್ಷರಗಳಿಗೆ 11ರಿಂದ 36. ಖಾಲಿ ಜಾಗಕ್ಕೆ ಮತ್ತು ನಂಬರಿನ ಕೊನೆಗೆ 40. ಅಪಾಸ್ಟ್ರಫಿ 41, ಚುಕ್ಕೆ 42, ಕೋಲನ್ 43, ಸೆಮಿಕೋಲನ್ 44, ಕಾಮಾ 45, ಹೈಫನ್ 46. ಸೊನ್ನೆಯಿಂದ ಒಂಬತ್ತಕ್ಕೆ 50ರಿಂದ 59. ದೊಡ್ಡ ಅಕ್ಷರಗಳಿಗೆ 60ರಿಂದ 85.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. 2 ಎಂಬುದು 52, ಕೊನೆಯ ಗುರುತು 40, ಒಟ್ಟು 5240. 2:51 ಆಗುವುದು 5243555140. 234 ಆಗುವುದು 52535440. 234:51 ಆಗುವುದು 52535443555140. 234;46:51 ಆಗುವುದು 52535444545643555140. ಎಡದಿಂದ ಓದುತ್ತ ಹೋಲಿಸಿದರೆ ಬೀರುವಿನ ಕ್ರಮವೇ ಬರುತ್ತದೆ.

ಕೊನೆಗೊಂದು 40 ಯಾಕೆ ಅಂದರೆ, ಕೋಲನ್‌ನಲ್ಲಿ ಗ್ರಂಥಸೂಚಿ, ವಿಶ್ವಕೋಶದಂಥವುಗಳಿಗೆ ಸಣ್ಣಕ್ಷರ ಹಚ್ಚುತ್ತಾರೆ, ಮತ್ತು ಅವು ಮೂಲ ವಿಷಯಕ್ಕಿಂತ ಮುಂಚೆ ನಿಲ್ಲಬೇಕು. 2ರ ನಂತರ ಸಣ್ಣ 'ಎ' ಬಂದರೆ ಅದು ಗ್ರಂಥಾಲಯ ವಿಜ್ಞಾನದ ಗ್ರಂಥಸೂಚಿ. ಅದರ ಕೀ 521140. ಬರೀ 2ರ ಕೀ 52 ಅಷ್ಟೇ ಆಗಿದ್ದರೆ ಚಿಕ್ಕದೆಂಬ ಕಾರಣಕ್ಕೆ ಅದೇ ಮುಂದೆ ಬಂದುಬಿಡುತ್ತಿತ್ತು. 40 ಸೇರಿದ್ದರಿಂದ 5240 ಆಗಿ ಹಿಂದೆ ನಿಂತಿತು.

ಈ ಬೆಲೆಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ನಿಮ್ಮ ಸಂಗ್ರಹ ಯಾವ ಆವೃತ್ತಿಯದು ಅಂತ ಮೊದಲು ನೋಡಿಕೊಳ್ಳಿ. ಕೋಲನ್ ಮೊದಲು ಬಂದದ್ದು 1933ರಲ್ಲಿ. ಆರನೆಯದು 1960ರದ್ದು, ಏಳನೆಯದು 1987ರದ್ದು. ಆರನೆಯದರಲ್ಲೇ 1963ರ ಮರುಮುದ್ರಣದಲ್ಲಿ ಕಾಲದ ಚಿಹ್ನೆ ಚುಕ್ಕೆಯಿಂದ ಅಪಾಸ್ಟ್ರಫಿಗೆ ಬದಲಾಯಿತು. ಅದಕ್ಕೂ ಮೊದಲು ವರ್ಗೀಕರಿಸಿದ ಪುಸ್ತಕಗಳಲ್ಲಿ ಸ್ಥಳಕ್ಕೂ ಕಾಲಕ್ಕೂ ಚುಕ್ಕೆಯೇ ಇರುತ್ತದೆ. ಅಂಥವು ಹೊಸ ನಂಬರುಗಳ ಜೊತೆ ಬೆರೆತರೆ ಯಾವ ರೂಟೀನ್ ಕೂಡ ಸರಿಯಾಗಿ ಜೋಡಿಸಲಾರದು. ಎರಡು ವಿಷಯಗಳ ಸಂಬಂಧ ತೋರಿಸಲು ಆರನೆಯದರಲ್ಲಿ ಸೊನ್ನೆ ಇದ್ದರೆ ಏಳನೆಯದರಲ್ಲಿ ಆಂಪರ್‌ಸ್ಯಾಂಡ್ ಇದೆ. ಬೇಕಾದ ಬೆಲೆಯನ್ನು ನಿಮ್ಮ ಆವೃತ್ತಿಯ ನಿಯಮ ನೋಡಿ ಸೇರಿಸಿಕೊಳ್ಳಿ.

ಫೈಲ್ ಹಾಕಿದರೂ ಬದಲಾಗದಿದ್ದರೆ

ಬರೆದ ಫೈಲನ್ನು ಫೋಲ್ಡರ್‌ನಲ್ಲಿಟ್ಟರೆ ಸಾಕಾಗುವುದಿಲ್ಲ. ರೂಟೀನುಗಳ ಹೆಸರಿನ ಪಟ್ಟಿ ಕ್ಲಾಸ್‌ಸಾರ್ಟ್‌ರೂಟೀನ್ ಎಂಬ ಮುಖ್ಯ ಫೈಲಿನೊಳಗೆ ಬರೆದಿಟ್ಟದ್ದು. ಅಲ್ಲಿ ನಿಮ್ಮ ಹೆಸರನ್ನೂ ಸೇರಿಸಬೇಕು. ಡ್ರಾಪ್‌ಡೌನ್‌ನಲ್ಲಿ ಹೊಸ ಹೆಸರು ಕಾಣದಿದ್ದರೆ ಇದೇ ಕಾರಣ, ಇಲ್ಲವೇ ಸರ್ವರ್‌ನಲ್ಲಿ ಕೋಹಾದ ಪುಟಗಳನ್ನು ಓಡಿಸುವ ಪ್ಲ್ಯಾಕ್ ರೀಸ್ಟಾರ್ಟ್ ಆಗಿಲ್ಲ.

ಹೆಸರು ಕಾಣುತ್ತದೆ, ಆರಿಸಿಯೂ ಆಗಿದೆ, ಆದರೂ ಕೀಯಲ್ಲಿ ಚಿಹ್ನೆ ಮಾಯವಾಗಿ ಬರೀ 251 ಬರುತ್ತಿದೆ ಅಂದರೆ ನಿಮ್ಮ ಪರ್ಲ್ ಫೈಲಿನಲ್ಲಿ ತಪ್ಪಿದೆ. ಫೈಲ್ ಲೋಡ್ ಆಗದಿದ್ದರೆ ಕೋಹಾ ದೂರು ಹೇಳದೆ ತನ್ನ ಮೂಲ ರೂಟೀನನ್ನೇ ಓಡಿಸುತ್ತದೆ. ಕಮಾಂಡ್ ಲೈನ್‌ನಲ್ಲಿ ಪರ್ಲ್‌ನ ಸಿಂಟ್ಯಾಕ್ಸ್ ಪರೀಕ್ಷೆ ಓಡಿಸಿದರೆ ಯಾವ ಸಾಲಿನಲ್ಲಿ ಅಂತ ಗೊತ್ತಾಗುತ್ತದೆ. ಫೈಲಿನ ಕೊನೆಯ '1;' ಬಿಟ್ಟುಹೋಗಿರುವುದು ತುಂಬ ಸಾಮಾನ್ಯ.

ಇದೆಲ್ಲ ಸರಿಯಾದ ಮೇಲೂ ಹಳೆಯ ಪ್ರತಿಗಳ ಕೀ ಹಳೆಯದೇ ಆಗಿರುತ್ತದೆ. ನಿಯಮ ಬದಲಿಸಿದ ಮಾತ್ರಕ್ಕೆ ಕೋಹಾ ಹಿಂದಿನದನ್ನು ಮತ್ತೆ ಲೆಕ್ಕ ಹಾಕುವುದಿಲ್ಲ. ಕಾಲ್ ನಂಬರ್ ಅಥವಾ ಸೋರ್ಸ್ ಬದಲಾದಾಗ ಕೀ ಹೊಸದಾಗುತ್ತದೆ. ಐಟಂ ತೆರೆದು ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿದರೆ ಏನೂ ಆಗದೆ ಇರಬಹುದು. ಬ್ಯಾಚ್ ಐಟಂ ಮಾಡಿಫಿಕೇಷನ್‌ನಲ್ಲಿ ಬಾರ್‌ಕೋಡ್ ಪಟ್ಟಿ ಹಾಕಿ, ಸೋರ್ಸ್ ಡ್ಯೂಯಿ ಇದ್ದರೆ ಹೊಸ ಕೋಡಿಗೆ ಬದಲಿಸಿ. ಮೊದಲೇ ಹೊಸ ಕೋಡ್ ಇದ್ದರೆ ಒಮ್ಮೆ ಜೆನೆರಿಕ್‌ಗೆ ಬದಲಿಸಿ, ಮತ್ತೆ ಹೊಸ ಕೋಡಿಗೆ ತನ್ನಿ. ಸುತ್ತುದಾರಿ ಅನಿಸಿದರೂ ಖಚಿತ ದಾರಿ. ಬ್ಯಾಚ್‌ನ ಮಿತಿ ಮೂಲದಲ್ಲಿ 1000 ಪ್ರತಿಗಳು. ಅದಕ್ಕಿಂತ ಜಾಸ್ತಿ ಇದ್ದರೆ ಭಾಗ ಮಾಡಿಕೊಳ್ಳಿ ಅಥವಾ ಪ್ರಿಫರೆನ್ಸ್‌ನಲ್ಲಿ ಮಿತಿ ಏರಿಸಿ.

ಹೊಸ ಕೋಹಾಗಳಲ್ಲಿ ಈ ಬ್ಯಾಚ್ ಕೆಲಸ ಹಿನ್ನೆಲೆಯಲ್ಲಿ, ಕೋಹಾ ವರ್ಕರ್ ಎಂಬ ಬೇರೆ ಪ್ರಾಸೆಸ್‌ನಲ್ಲಿ ನಡೆಯುತ್ತದೆ. ಅದು ಶುರುವಾದಾಗ ಓದಿಕೊಂಡ ಕೋಡನ್ನೇ ಇಟ್ಟುಕೊಂಡಿರುತ್ತದೆ. ಪ್ಲ್ಯಾಕ್ ರೀಸ್ಟಾರ್ಟ್ ಮಾಡಿ ವರ್ಕರ್ ಮರೆತರೆ ವಿಚಿತ್ರ ಫಲಿತಾಂಶ ಬರುತ್ತದೆ: ಒಂದೊಂದಾಗಿ ತಿದ್ದಿದ ಪುಸ್ತಕ ಸರಿ, ಬ್ಯಾಚ್‌ನಲ್ಲಿ ತಿದ್ದಿದ್ದು ತಪ್ಪು. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ, ವರ್ಕರ್ ರೀಸ್ಟಾರ್ಟ್ ಮಾಡಿ.

ಡೇಟಾಬೇಸ್‌ನಲ್ಲಿ ನೇರವಾಗಿ ಸಿಎನ್ ಸಾರ್ಟ್ ತಿದ್ದಿಬಿಡೋಣ ಅನ್ನುವವರೂ ಇದ್ದಾರೆ. ಮಾಡಬಹುದು, ಆದರೆ ಯಾರಾದರೂ ಆ ಕಾಲ್ ನಂಬರ್ ತಿದ್ದಿದ ಕೂಡಲೇ ನಿಮ್ಮ ಕೈಕೆಲಸ ಅಳಿಸಿಹೋಗುತ್ತದೆ.

ಡೇಟಾದ ಕಡೆಯ ತಪ್ಪುಗಳು

ಎಂಟು ನಂಬರುಗಳು ಸರಿಬಂದು, ಕೆಲವೇ ಪುಸ್ತಕಗಳು ದಾರಿತಪ್ಪಿದ್ದರೆ ಡೇಟಾ ನೋಡಿ. ಇಲ್ಲಿ ಮುಖ್ಯ ಖಳನಾಯಕ ಎಕ್ಸೆಲ್. 2:51 ಅಂತ ಟೈಪ್ ಮಾಡಿದರೆ ಎಕ್ಸೆಲ್‌ಗೆ ಅದು ಗಡಿಯಾರದ ಸಮಯ. 234:55 ಕೊಟ್ಟರೆ ಅದನ್ನು 234 ಗಂಟೆ 55 ನಿಮಿಷ ಅಂತ ತಿಳಿದು 234:55:00 ಮಾಡಿಬಿಡುತ್ತದೆ. ಸಿಎಸ್‌ವಿ ಮಾಡಿ ಇಂಪೋರ್ಟ್ ಮಾಡಿದರೆ ಆ :00 ಹಾಗೆಯೇ ಕಾಲ್ ನಂಬರಿಗೆ ಅಂಟಿಕೊಳ್ಳುತ್ತದೆ. ಕಾಲ್ ನಂಬರ್ :00ರಿಂದ ಮುಗಿಯುವ ಪ್ರತಿಗಳನ್ನು ರಿಪೋರ್ಟ್‌ನಲ್ಲಿ ಹುಡುಕಿ ನೋಡಿ, ಕೆಲವೊಮ್ಮೆ ದಂಡೇ ಸಿಗುತ್ತದೆ. ಟೈಪ್ ಮಾಡುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಬೇಕು. ಆಮೇಲೆ ಮಾಡಿದರೆ 2:51 ಹೋಗಿ ದಶಮಾಂಶ ಸಂಖ್ಯೆಯೊಂದು ಕಾಣಿಸಿಕೊಳ್ಳುತ್ತದೆ.

ಕಾಮಾದ ಕಷ್ಟ ಬೇರೆ. ಸಾಹಿತ್ಯದ ಕೋಲನ್ ನಂಬರುಗಳಲ್ಲಿ ಕಾಮಾ ಸಾಮಾನ್ಯ. ಸಿಎಸ್‌ವಿಯಲ್ಲಿ ಆ ಬೆಲೆಗೆ ಉದ್ಧರಣ ಚಿಹ್ನೆ ಇಲ್ಲದಿದ್ದರೆ ನಂಬರ್ ಅಲ್ಲಿಗೇ ತುಂಡಾಗಿ, ಉಳಿದ ಅರ್ಧ ಮುಂದಿನ ಕಾಲಂಗೆ ಜಾರುತ್ತದೆ. ವರ್ಡ್‌ನಿಂದ ನಕಲು ಮಾಡಿದ ನಂಬರುಗಳಲ್ಲಿ ಅಪಾಸ್ಟ್ರಫಿ ಬಾಗಿದ ರೂಪದಲ್ಲಿರುತ್ತದೆ. ರೂಟೀನ್‌ಗೆ ನೇರ ಅಪಾಸ್ಟ್ರಫಿ ಮಾತ್ರ ಗೊತ್ತಿದ್ದರೆ ಬಾಗಿದ್ದು ಬೆಲೆ ಇಲ್ಲದೆ ಬಿದ್ದುಹೋಗುತ್ತದೆ. ರೂಟೀನ್‌ನ ಮೊದಲಲ್ಲೇ ಎರಡನ್ನೂ ಒಂದು ಮಾಡಿಬಿಡಿ. ಅಂದಹಾಗೆ, ಕೋಲನ್ ಸುತ್ತ ಖಾಲಿ ಜಾಗ ಬಿಟ್ಟು '2 : 51' ಅಂತ ಟೈಪ್ ಮಾಡುವ ಅಭ್ಯಾಸವೂ ಹಳೆಯ ಡೇಟಾ ಎಂಟ್ರಿಯಲ್ಲಿ ಕಾಣುತ್ತದೆ. ಅದನ್ನೂ ಅಲ್ಲೇ ಒರೆಸಿ, ಆದರೆ ಪುಸ್ತಕ ಸಂಖ್ಯೆಯ ಮುಂಚಿನ ಖಾಲಿ ಜಾಗ ಮುಟ್ಟಬೇಡಿ.

ಉಳಿದ ಕೆಲವು

ಶೆಲ್ಫ್ ಬ್ರೌಸರ್ ಸರಿಯಿದ್ದು ಹುಡುಕಾಟದ ಪಟ್ಟಿ ಮಾತ್ರ ತಪ್ಪಿದ್ದರೆ ಕೋಹಾ ಹುಡುಕಾಟಕ್ಕೆ ಬಳಸುವ ಜೀಬ್ರಾ ಅಥವಾ ಎಲಾಸ್ಟಿಕ್‌ಸರ್ಚ್‌ನ ಪೂರ್ತಿ ರೀಇಂಡೆಕ್ಸ್ ಓಡಿಸಿ. ಶೆಲ್ಫ್ ಬ್ರೌಸರ್ ಡೇಟಾಬೇಸ್‌ನಿಂದ ನೇರ ಓದುತ್ತದೆ, ಹುಡುಕಾಟ ಇಂಡೆಕ್ಸ್‌ನಿಂದ. ಹುಡುಕುವ ಪೆಟ್ಟಿಗೆಯಲ್ಲಿ 2:51 ಕೊಟ್ಟರೆ ಏನೂ ಸಿಗದಿರುವುದು ಬೇರೆಯೇ ವಿಷಯ. ಅಲ್ಲಿ ಕೋಲನ್‌ಗೆ ಸರ್ಚ್ ಭಾಷೆಯಲ್ಲಿ ತನ್ನದೇ ಕೆಲಸ ಇದೆ. ಉದ್ಧರಣ ಚಿಹ್ನೆಯೊಳಗೆ ಕೊಟ್ಟು ನೋಡಿ.

ಇನ್ವೆಂಟರಿಯಲ್ಲಿ ನಂಬರಿನ ಎರಡು ತುದಿ ಕೊಟ್ಟಾಗ ಅವುಗಳಿಗೂ ಕೋಹಾ ಕೀ ಮಾಡಿಕೊಳ್ಳುತ್ತದೆ. ಆ ಫಾರ್ಮ್‌ನಲ್ಲಿ ವರ್ಗೀಕರಣ ಆರಿಸುವ ಜಾಗ ಇದ್ದರೆ ಕೋಲನ್ ಆರಿಸಿ. ಡ್ಯೂಯಿ ಕೀಯ ಅಳತೆಗೋಲಿನಿಂದ ಕೋಲನ್ ಪುಸ್ತಕ ಅಳೆದರೆ ಪಟ್ಟಿ ಖಾಲಿಯೋ ಅರೆಬರೆಯೋ ಬರುತ್ತದೆ.

ಎರಡೂ ಪದ್ಧತಿ ಇರುವ ಲೈಬ್ರರಿಗೆ ಒಂದು ಎಚ್ಚರಿಕೆ. ಶೆಲ್ಫ್ ಬ್ರೌಸರ್ ಪದ್ಧತಿ ಬೇರೆ ಮಾಡುವುದಿಲ್ಲ, ಎಲ್ಲ ಕೀಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 5240ರಿಂದ ಶುರುವಾಗುವ ಕೋಲನ್ ಕೀ ಡ್ಯೂಯಿಯ 520ರ ಖಗೋಳಶಾಸ್ತ್ರದ ಅಕ್ಕಪಕ್ಕ ಹೋಗಿ ಕೂರುತ್ತದೆ. ರೂಟೀನ್‌ನಲ್ಲಿ ಪ್ರತಿ ಕೀಯ ಮುಂದೆ 'ಝಡ್' ಸೇರಿಸಿದರೆ ಕೋಲನ್ ಪುಸ್ತಕಗಳೆಲ್ಲ ಕೊನೆಗೆ ಒಟ್ಟಾಗಿ ಬರುತ್ತವೆ. ಅಥವಾ ಅವುಗಳಿಗೆ ಬೇರೆ ಕಲೆಕ್ಷನ್ ಕೋಡ್ ಕೊಟ್ಟು, ಶೆಲ್ಫ್ ಬ್ರೌಸರ್ ಆ ಕೋಡನ್ನು ಗಮನಿಸುವಂತೆ ಪ್ರಿಫರೆನ್ಸ್ ಬದಲಿಸಿ. ನನಗೆ ಎರಡನೆಯದೇ ಇಷ್ಟ, ಯಾಕೆಂದರೆ ಬೀರುಗಳೂ ನಿಜಕ್ಕೂ ಬೇರೆಯೇ ಇರುತ್ತವೆ.

ಲೇಬಲ್‌ನಲ್ಲಿ ನಂಬರ್ ಅಡ್ಡಾದಿಡ್ಡಿ ಮುರಿಯುತ್ತಿದ್ದರೆ ಸ್ಪ್ಲಿಟಿಂಗ್ ರೂಲ್ ನೋಡಿ. ಇದಕ್ಕೆ ಪರ್ಲ್ ಫೈಲ್ ಬೇಡ. ರೆಜೆಕ್ಸ್ ಎಂಬ ರೂಟೀನ್ ಆರಿಸಿ, ಖಾಲಿ ಜಾಗ ಕಂಡಲ್ಲಿ ಹೊಸ ಸಾಲು ಅಂತ ನಿಯಮ ಕೊಟ್ಟರೆ ವರ್ಗ ಸಂಖ್ಯೆ, ಪುಸ್ತಕ ಸಂಖ್ಯೆ, ಸಂಗ್ರಹ ಸಂಖ್ಯೆ ಮೂರು ಸಾಲಿನಲ್ಲಿ ಬರುತ್ತವೆ. ಉದ್ದದ ವರ್ಗ ಸಂಖ್ಯೆಯನ್ನು ಮುರಿಯಲೇಬೇಕಾದರೆ ಚಿಹ್ನೆಯ ಮುಂಚೆ ಮುರಿಯಿರಿ, ಅಂಕೆಗಳ ನಡುವೆ ಬೇಡ. ಲೇಬಲ್ ಲೇಔಟ್‌ನಲ್ಲಿ 'ಸ್ಪ್ಲಿಟ್ ಕಾಲ್ ನಂಬರ್ಸ್' ಟಿಕ್ ಬೀಳದಿದ್ದರೆ ಈ ನಿಯಮ ಓಡುವುದೇ ಇಲ್ಲ.

ಕೊನೆಯದಾಗಿ ಅಪ್‌ಗ್ರೇಡ್. ಕೋಹಾ ಪ್ಯಾಕೇಜ್ ಅಪ್‌ಡೇಟ್ ಆದಾಗ ರೂಟೀನುಗಳ ಪಟ್ಟಿ ಇರುವ ಫೈಲ್ ಮೂಲ ರೂಪಕ್ಕೆ ಮರಳುತ್ತದೆ. ನಿಮ್ಮ ರೂಟೀನ್ ಫೈಲ್ ಜಾಗದಲ್ಲೇ ಉಳಿದರೂ ಹೆಸರು ಪಟ್ಟಿಯಿಂದ ಹೋಗಿರುತ್ತದೆ. ಆಗ ಹಳೆಯ ಪ್ರತಿಗಳ ಕೀ ಸರಿಯಾಗಿಯೇ ಇರುತ್ತದೆ, ಹೊಸದಾಗಿ ಸೇರಿಸಿದವು ಮಾತ್ರ ಹಾಳಾಗುತ್ತವೆ. ಅದಕ್ಕೇ ಯಾರಿಗೂ ಬೇಗ ಗೊತ್ತಾಗುವುದಿಲ್ಲ. ಎರಡೂ ಫೈಲುಗಳ ಪ್ರತಿಯನ್ನು ಕೋಹಾ ಫೋಲ್ಡರ್‌ನ ಹೊರಗೆ ಇಟ್ಟುಕೊಳ್ಳಿ. ಪಟ್ಟಿಯ ಫೈಲನ್ನು ಹಳೆಯದರಿಂದ ಮುಚ್ಚಿಬಿಡಬೇಡಿ, ಹೊಸದರಲ್ಲಿ ಬೇರೆ ತಿದ್ದುಪಡಿ ಇರಬಹುದು. ನಿಮ್ಮ ಹೆಸರಿನ ಒಂದು ಪದವನ್ನಷ್ಟೇ ಮತ್ತೆ ಸೇರಿಸಿ, ಪ್ಲ್ಯಾಕ್ ಮತ್ತು ವರ್ಕರ್ ರೀಸ್ಟಾರ್ಟ್ ಮಾಡಿ, ಅಪ್‌ಗ್ರೇಡ್ ನಂತರ ಸೇರಿಸಿದ ಪ್ರತಿಗಳನ್ನು ಬ್ಯಾಚ್‌ಗೆ ಹಾಕಿ.